ಹೊರಗಿನ ಹಕ್ಕಿ

೧೧ ಮೇ ೨೦೦೬, ಗುರುವಾರ

ಬೆಳಿಗ್ಗೆ ಮನೆಯಲ್ಲಿ ಒಂದು ಸ್ನಾನ, ಸಂಶೋಧನಾ ಸಂಸ್ಥೆಯ ಕೋಳಿ ಯೂನಿಟ್‌ನಲ್ಲಿ ಇನ್ನೊಂದು. ಕೂದಲು ಒಣಗುವುದೇ ಇಲ್ಲ. ಒಂದು ಬಾಗಿಲಲ್ಲಿ ಹೊರಗಿನ ಬಟ್ಟೆ, ವಾಚು, ಮೊಬೈಲು ಎಲ್ಲ ಬಿಟ್ಟು, ಷವರ್ ದಾಟಿ, ಇನ್ನೊಂದು ಬಾಗಿಲಲ್ಲಿ ಬಿಳಿ ಬಟ್ಟೆ, ರಬ್ಬರ್ ಬೂಟು. ಆಮೇಲೆಯೇ ಕೋಳಿಗಳ ಮುಖ ನೋಡುವುದು.

ಇವತ್ತು ತಾಯಿಕೋಳಿಗಳಿಗೆ ಮೊದಲ ಚುಚ್ಚುಮದ್ದು. ನಾನು ಹಿಡಿದೆ, ಗೌತಮಿ ಮೇಡಂ ಚುಚ್ಚಿದರು. ಒಂದನೇ ಕೋಣೆಯವಕ್ಕೆ ನಿಜವಾದ ಲಸಿಕೆ. ಎರಡನೇ ಕೋಣೆಯವಕ್ಕೆ ಬರೀ ಎಣ್ಣೆನೀರು, ಹೋಲಿಸಿ ನೋಡಲಿಕ್ಕೆ.

ಮೇಡಂ ಬೆಂಗಳೂರಿನವರು. ಹೆಬ್ಬಾಳದಲ್ಲಿ ಪಶುವೈದ್ಯ ಓದಿ ಈ ಇಂಗ್ಲಿಷರ ನಾಡಿಗೆ ಬಂದವರು. ನನಗಿಂತ ಬಹಳ ಚಿಕ್ಕವರು. ಮಾತು ಪಟಪಟ.

"ಮಲ್ಲಪ್ಪನವರೇ, ಇದು ಕೆಲಸ ಮಾಡಿದ್ರೆ ಏನಾಗುತ್ತೆ ಗೊತ್ತಾ?" ಅಂದರು.

ಗೊತ್ತು. ದಿನಾ ಹೇಳುತ್ತಾರೆ. ಆದರೂ "ಏನಾಗತೈತ್ರಿ?" ಅಂದೆ. ಹೇಳುವಾಗ ಅವರ ಮುಖ ನೋಡಬೇಕು.

ಕೋಳಿಯ ಕರುಳಿನಲ್ಲಿ ಒಂದು ಬ್ಯಾಕ್ಟೀರಿಯಾ ಇರುತ್ತದೆ. ತನ್ನ ಪಾಡಿಗೆ ಇರುತ್ತದೆ. ಕೆರಳಿತೋ, ವಿಷ ಬಿಟ್ಟು ಕರುಳಿನ ಒಳಪದರವನ್ನೇ ಕೊಳೆಸುತ್ತದೆ. ಸಂಜೆ ಕಾಳು ತಿಂದ ಕೋಳಿ ಬೆಳಿಗ್ಗೆ ಸತ್ತುಬಿದ್ದಿರುತ್ತದೆ. ಇಷ್ಟು ವರ್ಷ ಮೇವಿನಲ್ಲೇ ಆಂಟಿಬಯಾಟಿಕ್ ಬೆರೆಸಿ ಅದನ್ನು ಅದುಮಿಟ್ಟಿದ್ದರು. ಈ ಜನವರಿಯಿಂದ ಯುರೋಪಿನಲ್ಲೆಲ್ಲ ಅದು ಬಂದ್. ಫಾರ್ಮಿನವರಿಗೆ ಗಾಬರಿ. ಮೇಡಂ ಉಪಾಯ ಬೇರೆ — ಆ ವಿಷವನ್ನೇ ಶಕ್ತಿ ಕಳೆದು ತಾಯಿಕೋಳಿಗೆ ಚುಚ್ಚುವುದು. ತಾಯಿಯ ರಕ್ತದಲ್ಲಿ ಹುಟ್ಟಿದ ರಕ್ಷಣೆ ಮೊಟ್ಟೆಯ ಹಳದಿಗೆ ಇಳಿಯುತ್ತದೆ. ಮರಿ ಅದನ್ನು ಹೊತ್ತುಕೊಂಡೇ ಹೊರಗೆ ಬರುತ್ತದೆ. ಮರಿಗೆ ಸೂಜಿಯೇ ಬೇಡ.

"ಸೂಜಿಯೇ ಬೇಡ!" ಅಂತ ಮೇಡಂ ಕೈಯಲ್ಲಿನ ಸೂಜಿಯನ್ನೇ ಆಡಿಸಿದರು. ನನ್ನ ಕಂಕುಳಲ್ಲಿದ್ದ ಕೋಳಿ ಹೆದರಿ ನನ್ನ ಬೂಟಿನ ಮೇಲೆ ಹಿಕ್ಕೆ ಹಾಕಿತು.

೧೩ ಮೇ, ಶನಿವಾರ

ರಜೆ. ಬಟ್ಟೆ ಒಗೆದೆ. ಹೇಸ್‌ನ ಈ ಸಾಲುಮನೆಯ ಹಿತ್ತಿಲಲ್ಲಿ ಹಗ್ಗದ ತುಂಬ ಪಾರಿವಾಳ. ಮೊದಲಾದರೆ ಹೆಂಡತಿ ಚಂದ್ರವ್ವ ಅವಕ್ಕೆ ಉಳಿದ ಅನ್ನ ಹಾಕುತ್ತಿದ್ದಳು. ಈಗ ನಾನು ಕೈ ತಟ್ಟಿ ಓಡಿಸುತ್ತೇನೆ.

ಡೆರೆಕ್‌ನ ನಿಯಮ. ಯೂನಿಟ್‌ನ ಮ್ಯಾನೇಜರ್ ಅವನು. ನನ್ನನ್ನು ಮಾಲ್ ಅನ್ನುತ್ತಾನೆ. ಹೋದ ವರ್ಷದ ಪ್ರಯೋಗ ಹಾಳಾದದ್ದು ಒಂದು ಬಡ್ಜಿ ಗಿಳಿಯಿಂದ. ಕೆಲಸಕ್ಕಿದ್ದ ಒಬ್ಬ ಮನೆಯಲ್ಲಿ ಅದನ್ನು ಸಾಕಿದ್ದ, ಹೇಳಿರಲಿಲ್ಲ. ಏನೋ ರೋಗ ಒಳಗೆ ಬಂತು. ಕೋಳಿಗಳನ್ನೆಲ್ಲ ತೆಗೆಯಬೇಕಾಯಿತು. ಆವತ್ತಿನಿಂದ ಕಟ್ಟುನಿಟ್ಟು — ಹೊರಗಿನ ಹಕ್ಕಿಯ ಸಹವಾಸ ಕೂಡದು. ಪಾರಿವಾಳಕ್ಕೆ ಒಂದು ಚೂರು ಬ್ರೆಡ್ಡು ಹಾಕಿದರೂ ಮೂರು ದಿನ ಒಳಗೆ ಬಿಡುವುದಿಲ್ಲ. ಈ ಸಲವೂ ಕೆಟ್ಟರೆ ಮೇಡಂ ಪ್ರಯೋಗ ಅಲ್ಲಿಗೆ ಮುಗಿಯಿತು. ಇನ್ನೊಂದು ಸಲ ಕೊಡುವುದಿಲ್ಲವಂತೆ.

ಮಗಳು ಅನ್ವಿತಾ ಮಧ್ಯಾಹ್ನ ಎದ್ದಳು. ಯೂನಿವರ್ಸಿಟಿಯ ಪರೀಕ್ಷೆ ಹತ್ತಿರ ಬಂದಿದೆ. "ಊಟ?" ಅಂದೆ. "ಲೇಟರ್, ಡ್ಯಾಡ್" ಅಂದಳು. ಇವತ್ತಿನ ಮಾತು ಇಷ್ಟೇ. ಮೊದಲು ಅವಳ ಮಾತು ನನಗೆ, ನನ್ನ ಮಾತು ಅವಳಿಗೆ ಮುಟ್ಟಿಸುತ್ತಿದ್ದವಳು ಚಂದ್ರವ್ವ. ಇಬ್ಬರ ನಡುವೆ ಕೂತು ಒಂದೇ ಉಸಿರಿಗೆ ಇಬ್ಬರನ್ನೂ ಬೈಯುತ್ತಿದ್ದಳು.

೬ ಜುಲೈ, ಗುರುವಾರ

ರಕ್ತದ ಫಲಿತಾಂಶ ಬಂತು!

ಎರಡನೇ ಚುಚ್ಚುಮದ್ದೂ ಆಗಿ ಕೆಲವು ವಾರ. ಒಂದನೇ ಕೋಣೆಯ ಕೋಳಿಗಳ ರಕ್ತದಲ್ಲಿ ರಕ್ಷಣೆ ಏರಿದೆ. ಸ್ವಲ್ಪ ಅಲ್ಲ, ಮಸ್ತ್ ಏರಿದೆ. ಮೇಡಂ ಗಾಜಿನ ಆಚೆಯಿಂದ ಹಾಳೆ ಹಿಡಿದು ತೋರಿಸಿದರು. ಗೆರೆ ಗುಡ್ಡ ಹತ್ತಿದ ಹಾಗೆ. ಎರಡನೇ ಕೋಣೆಯ ಗೆರೆ ನೆಲಕ್ಕೇ ಮಲಗಿದೆ.

ಹಾಳೆ ಹಿಡಿದುಕೊಂಡೇ ಕಾರಿಡಾರಿನಲ್ಲಿ ಜಿಗಿದರು. ಡೆರೆಕ್ ಬಂದು "ಬೆಂಕಿ ಬಿದ್ದಿದೆಯಾ?" ಅಂತ ಕೇಳಿದ.

ನನಗೆ ಜಿಗಿಯಲು ಬರುವುದಿಲ್ಲ. ಒಂದನೇ ಕೋಣೆಗೆ ಹೋಗಿ ಕೋಳಿಗಳಿಗೆ ಕನ್ನಡದಲ್ಲಿ ಹೇಳಿದೆ. "ಶಾಣ್ಯಾ ಅದೀರಿ ನೀವು." ಒಂದು ತಲೆ ಓರೆ ಮಾಡಿ ನೋಡಿತು.

ಬಸ್ಸಿನಲ್ಲಿ ಬರುವಾಗ ಕಿಟಕಿಯಲ್ಲಿ ನನ್ನ ಮುಖ ಕಂಡಿತು. ನಗುತ್ತಾ ಇದ್ದೆ. ಯಾರದೋ ಮುಖ ಅನ್ನಿಸಿತು.

೧೧ ಆಗಸ್ಟ್, ಶುಕ್ರವಾರ

ಮೊಟ್ಟೆಗಳನ್ನು ಇನ್‌ಕ್ಯುಬೇಟರ್‌ಗೆ ಇಟ್ಟೆವು. ಬಾಗಿಲು ಮುಚ್ಚಿದ ಮೇಲೆ ಗಾಜಿಗೆ ಕೈ ಇಟ್ಟು ನೋಡಿದೆ. ಬೆಚ್ಚಗೆ. ಮೇಡಂ ಕೂಡ ಕೈ ಇಟ್ಟರು. "ಯಾರಿಗೂ ಹೇಳ್ಬೇಡಿ, ನಾನು ದೇವರಿಗೆ ಹರಕೆ ಹೊತ್ತಿದೀನಿ" ಅಂದರು. ಯಾವ ದೇವರು ಅಂತ ಹೇಳಲಿಲ್ಲ.

೨೪ ಆಗಸ್ಟ್, ಗುರುವಾರ

ಚಂದ್ರವ್ವ ಹೋಗಿ ಇವತ್ತಿಗೆ ವರ್ಷ. ರಾತ್ರಿ ಪಾಳಿ ಮುಗಿಸಿದ ನರ್ಸಮ್ಮ, ಯೂನಿಫಾರ್ಮಿನಲ್ಲೇ, ಬಸ್ ಸ್ಟಾಪಿನಲ್ಲಿ ಕುಸಿದಳು. ಸ್ಟ್ರೋಕ್ ಅಂದರು.

ಊರಲ್ಲಿ ಅವಳ ಅಣ್ಣ ವರ್ಷದ ಕಾರ್ಯ ಮಾಡಿದ. ನಾನು ಕೆಲಸಕ್ಕೆ ಹೋದೆ.

೧ ಸೆಪ್ಟೆಂಬರ್, ಶುಕ್ರವಾರ

ಒಡೆದವು! ಬೆಳಿಗ್ಗೆ ಹೋದಾಗಲೇ ಚಿಂವ್ ಚಿಂವ್. ಮೊಟ್ಟೆಯ ಚಿಪ್ಪಿಗೆ ಒಳಗಿಂದ ಕೊಕ್ಕು ಕುಟ್ಟಿ, ದಣಿದು, ಮಲಗಿ, ಮತ್ತೆ ಕುಟ್ಟಿ... ಒದ್ದೆ ಚಿಂದಿಯ ಹಾಗೆ ಹೊರಗೆ ಬಿದ್ದ ಮರಿಗಳು ಮಧ್ಯಾಹ್ನಕ್ಕೆ ಹಳದಿ ಹತ್ತಿ ಉಂಡೆ ಆಗಿದ್ದವು.

ಮುಖ್ಯ ಕಟ್ಟಡದಿಂದ ಒಬ್ಬರು ಬಂದು ಮರಿಗಳ ಕಾಲಿಗೆ ಉಂಗುರ ಹಾಕಿ, ಕೋಣೆವಾರು ಬೇರೆ ಬೇರೆ ದೊಡ್ಡಿಗೆ ಬಿಟ್ಟರು. ನಮ್ಮನ್ನು ಹೊರಗೆ ನಿಲ್ಲಿಸಿದ್ದರು. ಯಾವ ಉಂಗುರ ಯಾವ ಕೋಣೆಯ ತಾಯಿಯದು ಅಂತ ಅವರೊಬ್ಬರಿಗೇ ಗೊತ್ತು. ಮೇಡಂಗೂ ಗೊತ್ತಿಲ್ಲ. ಗೊತ್ತಿದ್ದರೆ ನಮಗೆ ಬೇಕಾದದ್ದೇ ನಮ್ಮ ಕಣ್ಣಿಗೆ ಕಾಣುತ್ತದಂತೆ. ನಿಜ ಇರಬೇಕು.

ಕೊನೆಯ ದಿನವೂ ಗೊತ್ತುಮಾಡಿದರು. ಮಂಗಳವಾರ ಹತ್ತೊಂಬತ್ತಕ್ಕೆ ಮರಿಗಳಿಗೆ ರೋಗ ಕೊಡುವುದು. ಶುಕ್ರವಾರ ಇಪ್ಪತ್ತೆರಡಕ್ಕೆ ಕರುಳು ಬಿಚ್ಚಿ ನೋಡುವುದು. ಅಂದರೆ ಚೆನ್ನಾಗಿ ಇರುವವನ್ನೂ ಕೊಲ್ಲಬೇಕು. ಒಳಗೆ ನೋಡದೆ ತಿಳಿಯುವುದಿಲ್ಲ. ಇದು ನನಗೆ ಹೊಸದಲ್ಲ. ಆದರೂ ಇವತ್ತು ಬೇಡಾಗಿತ್ತು, ಹುಟ್ಟಿದ ದಿನ.

"ಅವತ್ತು ನೀವೇ ಹಿಡೀಬೇಕು ಮಲ್ಲಪ್ಪನವರೇ" ಅಂದರು ಮೇಡಂ. "ನಿಮ್ಮ ಕೈಗೆ ಅವು ಒಗ್ಗಿವೆ. ಹೆದರಿಕೆ ಇಲ್ಲದೆ ಹೋಗಲಿ."

ಆಗಲಿ ಅಂದೆ. ಅದು ನನ್ನದೇ ಕೆಲಸ. ಇನ್ನೊಬ್ಬರಿಗೆ ಬಿಡುವ ಮನಸ್ಸಿಲ್ಲ.

೧೦ ಸೆಪ್ಟೆಂಬರ್, ಭಾನುವಾರ

ವಿಜಾಪುರದಿಂದ ಅತ್ತಿ ಫೋನು. ಚಂದ್ರವ್ವನ ಅವ್ವ.

"ಏನ್ರಿ ಅಳಿಯದೇವ್ರ, ಅರಾಮ ಅದೀರಿಲ್ಲೋ? ಕೋಳಿ ಅರಾಮ ಅದಾವೇನು?"

"ಅದಾವ್ರಿ ಅತ್ತಿ."

"ನೀವು ಅರಾಮ ಅದೀರಿ ಅಂತ ಹೇಳಲಿಲ್ಲ. ಇರಲಿ. ನೋಡ್ರಿ, ವರ್ಷದ್ದು ನಾವ ಮಾಡೇವಿ. ಈಗ ಪಿತೃಪಕ್ಷ ನಡದೈತಿ. ಮಾಳಾ ಅಮಾಸಿ ಎಡಿ ಮಧ್ಯಾಹ್ನದೊಳಗ ಆಕೀ ಮನ್ಯಾಗ ಆಗಬೇಕು. ಆಕೀ ಮನಿ ಇಲ್ಲಿಲ್ಲ, ಅಲ್ಲೈತಿ. ಆಕೀಗೆ ಸೇರೋದು ಮಾಡಿ, ಎಲಿಗೆ ಹಾಕಿ, ಮ್ಯಾಲ ಇಟ್ಟು ಕಾಗಿ ಕರೀರಿ. ಮೊದಲನೇ ಎಡಿ. ತಪ್ಪಸಬ್ಯಾಡ್ರಿ."

"ಯಾವತ್ತರಿ ಅಮಾಸಿ?"

"ಶುಕ್ರವಾರ. ಇಪ್ಪತ್ತೆರಡು."

ಎದ್ದು ಕ್ಯಾಲೆಂಡರ್ ಮುಂದೆ ನಿಂತೆ. ಲೈನು ಕಟ್ಟಾಯಿತು ಅಂದುಕೊಂಡು ಅತ್ತಿ "ಹಲೋ, ಹಲೋ" ಅಂತ ಒದರಿದರು.

ಕಾಗೆ. ಹೊರಗಿನ ಹಕ್ಕಿ!

೧೧ ಸೆಪ್ಟೆಂಬರ್, ಸೋಮವಾರ

ಡೆರೆಕ್‌ಗೆ ಕೇಳಿದೆ. ನನ್ನ ಇಂಗ್ಲಿಷಿನಲ್ಲಿ ಹೇಳಲು ಬಹಳ ಹೊತ್ತು ಹಿಡಿಯಿತು. ಹೆಂಡತಿ ಸತ್ತಿದ್ದಾಳೆ. ಅವಳಿಗೆ ಊಟ. ಊಟ ಕಾಗೆಗೆ. ಕಾಗೆ ತಿಂದರೆ ಅವಳಿಗೆ.

ನಗಲಿಲ್ಲ ಅವನು. ಚಂದ್ರವ್ವನ ಮಣ್ಣಿಗೂ ಬಂದಿದ್ದ, ಕಪ್ಪು ಟೈ ಕಟ್ಟಿಕೊಂಡು. ಗಡ್ಡ ಕೆರೆದುಕೊಂಡು "ಕಾಗೆ ಅಂದ್ರೆ... ಕಾಗೆಯೇ ಆಗಬೇಕಾ?" ಅಂದ.

"ಹೌದು."

"ಬೆಳಿಗ್ಗೆ ಇಟ್ಟು ಇಲ್ಲಿ ಬರೋ ಹಾಗಿಲ್ಲ ಮಾಲ್. ನಾನೇ ನನ್ನ ಅಮ್ಮನಿಗೆ ಇಟ್ಟಿದ್ದರೂ ನನ್ನನ್ನು ಒಳಗೆ ಬಿಡ್ತಿರಲಿಲ್ಲ. ಶುಕ್ರವಾರ ರಜೆ ತಗೋ. ಬೇರೆಯವರು ಹಿಡೀತಾರೆ."

ಮೇಡಂ ಕೂಡ ಅದನ್ನೇ ಅಂದರು. "ನಮ್ಮ ತಂದೆಯವರದೂ ಅವತ್ತೇ ಮಾಡ್ತಾನೆ ನನ್ನ ತಮ್ಮ, ಮಲ್ಲೇಶ್ವರದಲ್ಲಿ. ಹೋಗಿ, ಮಾಡಿ. ಇಲ್ಲಿ ನಾವು ನೋಡ್ಕೋತೀವಿ."

ಎಲ್ಲರೂ ಒಳ್ಳೆಯವರೇ. ಅದೇ ಕಷ್ಟ. ಹೋಗಬೇಡ ಅಂತ ಯಾರಾದರೂ ಜಗಳ ತೆಗೆದಿದ್ದರೆ ಹೋಗಿಬಿಡುತ್ತಿದ್ದೆ.

ಸಂಜೆ

ನಿಜ ಬರೆಯಬೇಕು, ಯಾರು ನೋಡುತ್ತಾರೆ. ನನಗೆ ಶುಕ್ರವಾರ ಒಳಗಿರಬೇಕು. ಮೊಟ್ಟೆ ಇಡುವ ಮೊದಲಿಂದ ನೋಡಿದ ತಾಯಂದಿರು. ಕೈಯಾರೆ ಎತ್ತಿಟ್ಟ ಮೊಟ್ಟೆ. ಮರಿಗಳ ಕರುಳು ಗಟ್ಟಿ ಉಳಿಯಿತೋ ಇಲ್ಲವೋ ನನ್ನ ಕಣ್ಣಾರೆ ನೋಡಬೇಕು. ಹೋದ ವರ್ಷದ ಆಗಸ್ಟಿನಿಂದ ಈಚೆಗೆ ಏನಾದರೂ ಬೇಕು ಅಂತ ಅನ್ನಿಸಿದ್ದು ಇದೊಂದೇ.

ಅವಳಿಗೋ ವರ್ಷಕ್ಕೊಂದು ಊಟ.

೧೪ ಸೆಪ್ಟೆಂಬರ್, ಗುರುವಾರ

ಅನ್ವಿತಾ ಕಂಡುಹಿಡಿದಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೆರಡರ ಸುತ್ತ ಪೆನ್ನಿನಿಂದ ಗೀಚಿ ಗೀಚಿ ಹಾಳೆ ತೂತಾಗಿತ್ತು. "ವಾಟ್ಸ್ ದಿಸ್?" ಅಂದಳು.

ಹೇಳಿದೆ. ನಾನು ಕನ್ನಡದಲ್ಲಿ, ಅವಳು ಇಂಗ್ಲಿಷಿನಲ್ಲಿ. ಪೂರ್ತಿ ಕೇಳಿಸಿಕೊಂಡಳು. ಟೋಸ್ಟು ತಣ್ಣಗಾಯಿತು.

"ಸೋ, ಐ'ಲ್ ಡೂ ಇಟ್" ಅಂದಳು.

"ನೀನಾ?"

"ಷಿ ವಾಸ್ ಮೈ ಮಮ್. ಟರ್ಮ್ ಇನ್ನೂ ಶುರು ಆಗಿಲ್ಲ, ನಾನು ಫ್ರೀ." ಕೊನೆಗೆ ಒಂದು ಕನ್ನಡ ಸಾಲು. ಬೇಕಂತ ಹೇಳಿದಳೋ, ಬಾಯಿ ತಪ್ಪಿ ಬಂತೋ.

ಅತ್ತಿಯವರಿಗೆ ಫೋನು ಮಾಡಿದೆ. ಹೆಣ್ಣುಮಗಳು ಎಡಿ ಇಡಬಹುದೇನ್ರಿ?

"ಹಡದಾಕೀಗೆ ಮಗಳು ಎಡಿ ಇಟ್ರ ಕಾಗಿ ಒಲ್ಲೆ ಅಂತೈತೇನು? ಇಡಲಿ. ಆದ್ರ ನೋಡ್ರಿ, ಕಾಗಿ ಮುಟ್ಟಲಿಲ್ಲಂದ್ರ ಆಕೀ ಮನಸಿನ್ಯಾಗ ಏನೋ ಉಳದೈತಿ ಅಂತ. ಏನು ಅಂತ ತಿಳದು ಮಾತು ಕೊಡಬೇಕು. ಆ ಮಾತು ಮಗಳದಲ್ಲ, ನಿಮ್ಮದು."

೧೫ ಸೆಪ್ಟೆಂಬರ್, ಶುಕ್ರವಾರ

ಡೆರೆಕ್ ಒಪ್ಪಿದ. ಅವನ ಷರತ್ತು — ಮನೆ ಹಿತ್ತಿಲಲ್ಲಿ ಬೇಡ, ದೂರ ಎಲ್ಲಾದರೂ. ಬಂದ ಮೇಲೆ ಮಗಳು ಬಟ್ಟೆ ಒಗೆದು, ಸ್ನಾನ ಮಾಡಿ ಆಮೇಲೆ ಮನೆಯಲ್ಲಿ ಓಡಾಡಬೇಕು.

ನಗು ಬಂತು. ಎಡಿ ಇಟ್ಟು ಬಂದವರಿಗೆ ಸ್ನಾನ ಮಾಡು ಅಂತ ನಮ್ಮವ್ವನೂ ಹೇಳುತ್ತಿದ್ದಳು.

ಕಾಲುವೆ ದಂಡೆಯಲ್ಲಿ ಇಡುವುದು ಅಂತಾಯಿತು. ಅಲ್ಲಿ ಕಾಗೆಗಳು ಬಹಳ.

೧೯ ಸೆಪ್ಟೆಂಬರ್, ಮಂಗಳವಾರ

ಕೊಟ್ಟೆವು. ಮೇವಿನಲ್ಲಿ ಕೆಲವು ದಿನದಿಂದ ಮೀನಿನ ಪುಡಿ ಜಾಸ್ತಿ, ಅದರಿಂದ ಆ ಬ್ಯಾಕ್ಟೀರಿಯಾ ಹುಲುಸಾಗುತ್ತದಂತೆ. ಇವತ್ತು ಬ್ಯಾಕ್ಟೀರಿಯಾವನ್ನೇ ಬೆರೆಸಿದ್ದು. ಎಲ್ಲ ದೊಡ್ಡಿಗೂ ಒಂದೇ ಮೇವು, ಒಂದೇ ಅಳತೆ. ಮರಿಗಳು ಮುಗಿಬಿದ್ದು ತಿಂದವು. ನಂಬಿ ತಿನ್ನುತ್ತವೆ. ಕೈಯಲ್ಲಿ ಬಕೆಟ್ಟು ಹಿಡಿದು ನಿಂತಿದ್ದೆ.

ಮೇಡಂ ಉಗುರು ಕಚ್ಚುತ್ತಿದ್ದರು, ಕೈಗವಸಿನ ಮೇಲಿಂದಲೇ.

೨೧ ಸೆಪ್ಟೆಂಬರ್, ಗುರುವಾರ, ಸಂಜೆ

ಕೆಲವು ದೊಡ್ಡಿಗಳಲ್ಲಿ ಮರಿಗಳು ಗರಿ ಕೆದರಿಕೊಂಡು ಮೂಲೆ ಸೇರಿವೆ. ಕಣ್ಣು ಮುಚ್ಚಿ ಜೋಲಿ. ಎರಡು ಮೂರು ಸತ್ತವು ಕೂಡ. ಪಕ್ಕದ ದೊಡ್ಡಿಗಳಲ್ಲಿ ಮರಿಗಳು ನನ್ನ ಬೂಟನ್ನು ಕುಕ್ಕುತ್ತಿವೆ! ಒಂದೇ ಮೇವು ತಿಂದವು!

ಮೇಡಂ, ನಾನು ಒಬ್ಬರ ಮುಖ ಒಬ್ಬರು ನೋಡಿದೆವು. "ಏನೂ ಹೇಳ್ಬೇಡಿ" ಅಂದರು. "ನಾನೇನೂ ಅಂದಿಲ್ರಿ" ಅಂದೆ. "ಮುಖದಲ್ಲಿ ಹೇಳ್ತಾ ಇದೀರ!"

ಮನೆಗೆ ಬಂದು ಅಡುಗೆಗೆ ಹತ್ತಿದೆ. ಅನ್ವಿತಾ ಶೇಂಗಾ ಹುರಿದಳು, ಅರ್ಧ ಸೀದಳು. ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಅನ್ನ, ಕಟ್ಟಿನ ಸಾರು. ಹೋಳಿಗೆ ಗುಂಡಗೆ ಆಗಲಿಲ್ಲ. "ಇಟ್ಸ್ ಆಫ್ರಿಕಾ" ಅಂದಳು ಒಂದನ್ನು ಎತ್ತಿ ಹಿಡಿದು. ಇನ್ನೊಂದು ಸ್ಕಾಟ್ಲೆಂಡ್ ಅಂತೆ. ಬೆಳಿಗ್ಗೆ ಡಬ್ಬಿಗೆ ತುಂಬಿ ಕೊಡಬೇಕು. ಬಾಳೆಎಲೆ ಸೌತಾಲ್‌ನ ಇಂಡಿಯನ್ ಅಂಗಡಿಯಿಂದ ತಂದಿದ್ದೇನೆ.

ನಾಳೆ. ಎರಡೂ ನಾಳೆ.

೨೨ ಸೆಪ್ಟೆಂಬರ್, ಶುಕ್ರವಾರ, ಸಂಜೆ

ಎಲ್ಲಿಂದ ಶುರು ಮಾಡಲಿ. ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಬೇಗ ಒಳಗೆ ಹೋದೆ. ಒಂದೊಂದೇ ಮರಿ ಎತ್ತಿ, ಎದೆಗೆ ಒತ್ತಿ ಹಿಡಿದು, ಮಾತಾಡಿಸಿ, ಕತ್ತು ಮುರಿದು ಮುಗಿಸಿದೆ. ಒಂದೂ ಒದ್ದಾಡಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಆಮೇಲೆ ಕೊಯ್ಯುವ ಕೋಣೆ. ಮೇಡಂ ಕತ್ತರಿ ಹಿಡಿದರು, ನಾನು ತಟ್ಟೆ. ಮೊದಲನೆಯ ಮರಿ, ಕರುಳು ಉಬ್ಬಿ ಬಲೂನು, ಮುಟ್ಟಿದರೆ ಹರಿಯುವ ಹಾಗೆ. ಬಿಚ್ಚಿದರೆ ಒಳಗೆ ಹಳೇ ಟವೆಲ್ಲಿನ ಹಾಗೆ ಒರಟು, ಕಂದು, ವಾಸನೆ. ಎರಡನೆಯದೂ ಹಾಗೇ. ಮೂರನೆಯದೂ. ಮೇಡಂ ಹಣೆಯಲ್ಲಿ ಬೆವರು.

ನಾಲ್ಕನೆಯದನ್ನು ಬಿಚ್ಚಿದರು.

ಸ್ವಚ್ಛ! ತೆಳು ಗುಲಾಬಿ, ತೊಳೆದಿಟ್ಟ ರೇಷ್ಮೆ. ದೀಪದ ಬೆಳಕು ಅದರ ಮೇಲೆ ಜಾರುತ್ತಿತ್ತು. ಮೇಡಂ ಉಸಿರು ಬಿಟ್ಟದ್ದು ಮಾಸ್ಕಿನ ಹೊರಗೂ ಕೇಳಿಸಿತು. ಐದನೆಯದೂ ಸ್ವಚ್ಛ. ಆರನೆಯದರಲ್ಲಿ ಒಂದೆರಡು ಚುಕ್ಕೆ ಮಾತ್ರ. ಆದರೆ ಯಾವ ಉಂಗುರ ಯಾರದೋ ನಮಗೆ ತಿಳಿಯದು. ಉಂಗುರ ಕೂಗಿ ಹೇಳುವುದು, ಕರುಳು ಎಷ್ಟು ಕೆಟ್ಟಿದೆ ಅಂತ ಅಂಕ ಬರೆಯುವುದು, ಮುಂದಿನದು. ಹೀಗೇ ಅರ್ಧ ಮುಗಿದಿತ್ತು.

ಗೋಡೆಯ ಇಂಟರ್‌ಕಾಮ್ ಗರ್ ಅಂತು. ಗಾಜಿನ ಆಚೆ ಡೆರೆಕ್, ಕಿವಿಗೆ ಫೋನು.

"ಮಾಲ್, ನಿನ್ನ ಮಗಳು. ಕಾಗೆ ತಿನ್ನುತ್ತಿಲ್ಲವಂತೆ."

ತಟ್ಟೆ ಹಿಡಿದೇ ಗಾಜಿನ ಹತ್ತಿರ ಹೋದೆ.

"ಕಾಗೆ ಬಂದಿದೆಯೇ?"

ಕೇಳಿದ. "ಬಂದಿದೆ. ಬೇಲಿ ಮೇಲೆ ಕೂತಿದೆ. ಬಹಳ ಹೊತ್ತಿಂದ ನೋಡ್ತಾ ಇದೆ, ಇಳೀತಾ ಇಲ್ಲ. ಒಂದು ಹಂಸ ಬಂದಿತ್ತು, ಇವಳು ಓಡಿಸಿದಳಂತೆ. ಈಗ ನಾನು ಏನು ಹೇಳಲಿ?"

ನಾನು ಹೊರಗೆ ಹೋಗುವ ಹಾಗಿಲ್ಲ. ಹೋದರೆ ಮತ್ತೆ ಷವರ್, ಮತ್ತೆ ಬಟ್ಟೆ. ಅಷ್ಟರಲ್ಲಿ ಮರಿಗಳು ಕೆಡುತ್ತವೆ. ಮೇಡಂ ಕತ್ತರಿ ಕೆಳಗಿಟ್ಟರು. ಡೆರೆಕ್‌ಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು — ತೀರಿಹೋದವರ ಮನಸ್ಸಿನಲ್ಲಿ ಏನೋ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ, ಅದು ಏನು ಅಂತ ಊಹಿಸಿ, ಮಾಡುತ್ತೇನೆ ಅಂತ ಮಾತು ಕೊಡಬೇಕು.

"ಊಹೆ ತಪ್ಪಿದರೆ?"

"ಇನ್ನೊಂದು ಊಹೆ."

"ಸರಿ" ಅಂದ ಡೆರೆಕ್, ಇದೂ ಅವನ ಡ್ಯೂಟಿಯೇ ಎನ್ನುವ ಹಾಗೆ. "ಶುರು ಮಾಡು ಮಾಲ್."

ಯೋಚಿಸಿದೆ. "ಅನ್ವಿತಾಳ ಮದುವೆ ಚೆನ್ನಾಗಿ ಮಾಡ್ತೀನಿ ಅಂತ ಹೇಳು."

ಫೋನಿಗೆ ಹೇಳಿದ. ಕೇಳಿಸಿಕೊಂಡ. "ಮಗಳು 'ಇನ್ ಹಿಸ್ ಡ್ರೀಮ್ಸ್' ಅಂತಾಳೆ. ಕಾಗೆಯೂ ಅದೇ ಅಭಿಪ್ರಾಯ."

ಮೇಡಂ ಮಾಸ್ಕಿನೊಳಗೆ ಕಿಸಕ್ ಅಂದರು.

"ಬಾತ್‌ರೂಮ್ ರಿಪೇರಿ ಮಾಡಸ್ತೀನಿ. ಟೈಲ್ಸ್ ಎಲ್ಲ ಹೊಸದು." ಬದುಕಿದ್ದಾಗ ದಿನಾ ಅದಕ್ಕೇ ಜಗಳ.

"ಕಾಗೆ ಬೆನ್ನು ತಿರುಗಿಸಿತು."

ಮತ್ತೇನು? ಏನು ಉಳಿದಿತ್ತು ಅವಳಿಗೆ? ಗೌನು, ಕೈಗವಸು, ತಟ್ಟೆ ತುಂಬ ಕರುಳು, ಹೀಗೆ ನಿಂತು ಹೆಂಡತಿಯ ಮನಸ್ಸು ಹುಡುಕುತ್ತಿದ್ದೆ. ವಿಜಾಪುರಕ್ಕೆ ಹೋಗಿ ಬರುತ್ತೇನೆ ಅನ್ನಲೇ? ಅವಳಿಗೆ ಅದು ಬೇಕಿರಲಿಲ್ಲ. ಒಡವೆ? ನಕ್ಕುಬಿಡುತ್ತಿದ್ದಳು. ಊಟದ ಮೇಜು ಕಣ್ಣಿಗೆ ಬಂತು. ಒಂದು ಕಡೆ ನಾನು, ಒಂದು ಕಡೆ ಅನ್ವಿತಾ. ನಡುವೆ ಕುರ್ಚಿ. ಅದರಲ್ಲಿ ಕೂತು ಅವಳು, "ನಾ ಏನು ನಿಮ್ಮಿಬ್ಬರ ಟೆಲಿಫೋನ್ ಏನು? ಮಗಳು ಎದುರಿಗೇ ಕೂತಾಳ, ನೀವ ಮಾತಾಡ್ರಿ..."

"ಡೆರೆಕ್" ಅಂದೆ. "ನಾನು ಮಾತಾಡ್ತೀನಿ ಅಂತ ಹೇಳು."

"ಯಾರ ಜೊತೆ?"

"ಅವಳ ಜೊತೆ. ಮಗಳ ಜೊತೆ. ದಿನಾ ಮಾತಾಡ್ತೀನಿ. ಚಂದ್ರವ್ವನಿಗೆ ಹೇಳು."

ಡೆರೆಕ್ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಗಾಜಿಗೆ ಬೆನ್ನು ಮಾಡಿ, ಮೆಲ್ಲಗೆ, ಫೋನಿಗೆ ಹೇಳಿದ. ಏನು ಶಬ್ದ ಬಳಸಿದನೋ ಕೇಳಿಸಲಿಲ್ಲ.

ಇಂಟರ್‌ಕಾಮ್ ಬರೀ ಗರ್ ಅನ್ನುತ್ತಿತ್ತು.

ಆಮೇಲೆ ಡೆರೆಕ್ ಫೋನನ್ನು ಕಿವಿಯಿಂದ ದೂರ ಹಿಡಿದ. ಅಷ್ಟು ದೂರಕ್ಕೂ ಕೇಳಿಸಿತು ಅವಳ ಕೂಗು. ಕನ್ನಡದಲ್ಲಿ. "ಮುಟ್ಟಿತು! ಅಪ್ಪಾ, ಮುಟ್ಟಿತು!"

ಮೇಡಂ ಕೂಗಿದರು. ಡೆರೆಕ್ ಗಾಜಿಗೆ ಕೈಯಿಂದ ಗುದ್ದಿದ. ನಾನು ತಟ್ಟೆ ಹಿಡಿದು ನಿಂತಿದ್ದೆ, ಕಣ್ಣು ಒರೆಸಿಕೊಳ್ಳಲು ಕೈ ಇರಲಿಲ್ಲ.

"ಸರಿ, ಸರಿ" ಅಂದರು ಮೇಡಂ, ಮೂಗು ಎಳೆಯುತ್ತಾ. "ಮುಂದಿನ ಮರಿ."

ಮಧ್ಯಾಹ್ನ ಮುಖ್ಯ ಕಟ್ಟಡದವರು ಬಂದು ಉಂಗುರದ ಗುಟ್ಟು ತೆರೆದರು. ಗಾಜಿನ ಆಚೆ ನಿಂತು ಒಂದೊಂದೇ ಓದಿದರು. ಸ್ವಚ್ಛ ಇದ್ದವು — ಒಂದನೇ ಕೋಣೆ. ಒಂದನೇ ಕೋಣೆ. ಒಂದನೇ ಕೋಣೆ. ಟವೆಲ್ಲಿನ ಹಾಗೆ ಆದವು — ಎರಡನೇ ಕೋಣೆ. ನಡುವೆ ಅಲ್ಲೊಂದು ಇಲ್ಲೊಂದು ಆಚೀಚೆ ಇದ್ದವು. ಲಸಿಕೆ ಸಿಕ್ಕ ತಾಯಿಯ ಮರಿಗಳಲ್ಲೂ ಕೆಲವು ಉಳಿಯಲಿಲ್ಲ. "ಮ್ಯಾಜಿಕ್ ಅಲ್ಲ ಇದು" ಅಂದರು ಮೇಡಂ. ಹಾಗಂದವರೇ ನೆಲಕ್ಕೆ ಕುಸಿದು ಕೂತು, ರಬ್ಬರ್ ಬೂಟಿನ ಕಾಲು ಚಾಚಿ, ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ಕೆಲಸ ಮಾಡುತ್ತದೆ. ತಾಯಿ ಕೊಟ್ಟದ್ದು ಮರಿಗೆ ಮುಟ್ಟುತ್ತದೆ. ನನ್ನ ಕಣ್ಣಾರೆ ನೋಡಿದೆ!

ಮನೆಗೆ ಬಂದಾಗ ಅನ್ವಿತಾ ಸ್ನಾನ ಮಾಡಿ, ಟವೆಲ್ಲು ತಲೆಗೆ ಸುತ್ತಿ, ವಾಷಿಂಗ್ ಮೆಷಿನ್ ಮುಂದೆ ಕೂತಿದ್ದಳು. ಎಲ್ಲ ಮತ್ತೊಮ್ಮೆ ಹೇಳಿಸಿದೆ. ಕಾಗೆ ಮೊದಲು ಏನು ಮುಟ್ಟಿತು, ಹೋಳಿಗೆಯ? ಎಣ್ಣೆಗಾಯಿಯ?

ತಡವರಿಸಿದಳು. "ಡೋಂಟ್ ಬಿ ಮ್ಯಾಡ್."

"ಹೇಳು."

"ಕ್ರಿಸ್ಪ್ಸ್. ಸಾಲ್ಟ್ ಆಂಡ್ ವಿನೆಗರ್. ಅಮ್ಮ ನೈಟ್ ಷಿಫ್ಟ್ ಮುಗಿಸಿ ಬರುವಾಗ ಬಸ್ಸಲ್ಲಿ ಅದನ್ನೇ ತಿಂತಿದ್ದಳು. ನಿನಗೆ ಹೇಳ್ತಿರಲಿಲ್ಲ. ಡೆರೆಕ್ ಫೋನಲ್ಲಿ ನಿನ್ನ ಮಾತು ಹೇಳಿದನಲ್ಲ, ಐ ವಾಸ್ ಕ್ರೈಯಿಂಗ್, ಪ್ಯಾಕೆಟ್ ಒಡೆದು ಎಲೆ ಮೇಲೆ ಸುರಿದುಬಿಟ್ಟೆ. ಎರಡೂ ಒಟ್ಟಿಗೇ ಆಯ್ತು. ಲಿಟರಲಿ ಸೇಮ್ ಟೈಮ್, ಡ್ಯಾಡ್."

ಕಾಗೆ ನನ್ನ ಮಾತಿಗೆ ಬಂತೋ, ಆ ಆಲೂಗಡ್ಡೆ ಕ್ರಿಸ್ಪ್ಸ್‌ಗೆ ಬಂತೋ. ಪ್ರಯೋಗದಲ್ಲಿ ಹೀಗೆ ಮಾಡಿದ್ದರೆ ಮೇಡಂ ಬೈಯುತ್ತಿದ್ದರು, ಒಂದು ಸಲಕ್ಕೆ ಒಂದೇ ಬದಲಾಯಿಸಬೇಕು ಅಂತ. ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅವಳು ಅತ್ತಳು, ನಾನೂ.

ಮಾತು ಕೊಟ್ಟದ್ದಂತೂ ಕೊಟ್ಟಾಗಿದೆ.

೨೪ ಸೆಪ್ಟೆಂಬರ್, ಭಾನುವಾರ

ಮಾತಾಡುವುದು ಸುಲಭವಿಲ್ಲ. ನಿನ್ನೆ ಊಟಕ್ಕೆ ಕೂತು ಏನು ಹೇಳಲಿ ಅಂತ ತೋಚದೆ ಕರುಳಿನ ಬಗ್ಗೆ ಹೇಳಿದೆ. ಬಲೂನಿನ ಹಾಗೆ ಉಬ್ಬಿದ್ದು, ವಾಸನೆ. "ಡ್ಯಾಡ್, ನಾನು ಊಟ ಮಾಡ್ತಿದೀನಿ" ಅಂದಳು. ಆದರೂ ಎದ್ದು ಹೋಗಲಿಲ್ಲ. ಆಮೇಲೆ ಅವಳೇ ಕೇಳಿದಳು, ಹಳದಿಗೆ ಅದು ಹೇಗೆ ಇಳಿಯುತ್ತದೆ ಅಂತ. ನನಗೆ ಗೊತ್ತಿದ್ದಷ್ಟು ಹೇಳಿದೆ. ಉಳಿದದ್ದು ಮೇಡಂನ ಕೇಳಿ ಬಂದು ಹೇಳಬೇಕು.

೨೬ ಸೆಪ್ಟೆಂಬರ್, ಮಂಗಳವಾರ, ಸಂಜೆ

ಒಳ್ಳೇ ಸುದ್ದಿ! ಮುಂದಿನ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿದೆ. ಈ ಸಲ ಯೂನಿಟ್‌ನಲ್ಲಷ್ಟೇ ಅಲ್ಲ, ನಿಜವಾದ ಫಾರ್ಮುಗಳಲ್ಲಿ. ಹೊಸ ತಾಯಿಕೋಳಿಗಳು ಬರುವ ಮೊದಲು ಕೋಣೆಗಳನ್ನೆಲ್ಲ ತೊಳೆಯಬೇಕು. ಇವತ್ತು ಗೋಡೆ ಉಜ್ಜಿದೆವು. ಡೆರೆಕ್ ಪೈಪು ಹಿಡಿದು ಹಾಡುತ್ತಿದ್ದ. ಮೇಡಂ ಹರಕೆ ತೀರಿಸಲು ಡಿಸೆಂಬರಿನಲ್ಲಿ ಊರಿಗೆ ಹೋಗುತ್ತಾರಂತೆ. ಲಸಿಕೆಯಲ್ಲಿ ಇನ್ನೂ ಏನೇನು ತಿದ್ದಬೇಕು ಅಂತ ಬೋರ್ಡ್ ತುಂಬ ಬರೆದಿದ್ದಾರೆ. ನನಗೆ ಅರ್ಧ ಅರ್ಥ ಆಯಿತು. ಅತ್ತಿಯವರಿಗೆ ಫೋನು ಮಾಡಿ ಕಾಗೆಯ ವಿಷಯ ಹೇಳಿದೆ, ಕ್ರಿಸ್ಪ್ಸ್ ಬಿಟ್ಟು. ಅತ್ತಿ ಬಹಳ ಹೊತ್ತು...

ಬಾಗಿಲು ತಟ್ಟಿದ ಸದ್ದು. ಅನ್ವಿತಾ. ಎರಡು ಕಪ್ ಚಹಾ. ಏನು ಬರೀತಿದೀಯ ಅಂತ ಕೇಳಲಿಲ್ಲ, ಮಂಚದ ತುದಿಗೆ ಕೂತಿದ್ದಾಳೆ. ಅಮ್ಮ ಈ ದೇಶಕ್ಕೆ ಬಂದ ಮೊದಲ ವರ್ಷ, ನೀನು ಇನ್ನೂ ಬಂದಿರಲಿಲ್ಲವಲ್ಲ, ಒಬ್ಬಳೇ ಎಲ್ಲಿದ್ದಳು ಅಂತ ಕೇಳುತ್ತಿದ್ದಾಳೆ. ಹೇಸ್‌ನಲ್ಲಿ ಅಲ್ಲ. ಎಜ್‌ವೇರ್‌ನಲ್ಲಿ, ಒಂದು ಮನೆಯ ಮೇಲಿನ ಕೋಣೆ, ಅಲ್ಲಿ ಚಳಿಗಾಲದಲ್ಲಿ ಅವಳು... ಪೆನ್ನು ಇಡುತ್ತೇನೆ, ಇದನ್ನು ಮಗಳಿಗೆ ಬಾಯಲ್ಲೇ ಹೇಳಬೇಕು.